ಛತ್ರದ ಹೊಗೆಗೆ ನಾನು ಕೊಟ್ಟ ಲೆಕ್ಕ

ಮದುವೆ ಮನೆಯ ಲೆಕ್ಕವನ್ನು ಇದ್ದದ್ದು ಇದ್ದ ಹಾಗೆ ಹೇಳಿದವನನ್ನು ನಾನು ಈವರೆಗೆ ಕಂಡಿಲ್ಲ. ನಮ್ಮ ಕಡೆ ಮದುವೆ ಮುಗಿದ ಮೇಲೆ ‘ಎಷ್ಟು ಎಲೆ ಬಿತ್ತು?’ ಎಂದು ಕೇಳುವುದು ವಾಡಿಕೆ. ಐನೂರು ಜನ ಉಂಡಿದ್ದರೆ ಹೆಣ್ಣಿನ ಅಪ್ಪ ಸಾವಿರ ಎಲೆ ಅನ್ನುತ್ತಾನೆ, ಚಿಕ್ಕಪ್ಪ ಒಂದೂವರೆ ಸಾವಿರ ಅನ್ನುತ್ತಾನೆ, ಆ ಮದುವೆಗೆ ಹೋಗದೇ ಇದ್ದವನು ಎರಡು ಸಾವಿರ ಅನ್ನುತ್ತಾನೆ. ಇದನ್ನು ಯಾರೂ ಸುಳ್ಳು ಅನ್ನುವುದಿಲ್ಲ, ಮರ್ಯಾದೆ ಅನ್ನುತ್ತಾರೆ. ಹುಣಸೂರಿನ ನಮ್ಮ ಕಲ್ಯಾಣ ಮಂಟಪವನ್ನು ಬಹಳ ಕಾಲದಿಂದ ನೋಡಿಕೊಳ್ಳುತ್ತಿರುವ ನನ್ನನ್ನು ಈ ಮರ್ಯಾದೆಯಲ್ಲಿ ಮೀರಿಸುವವರು ಸುತ್ತಿನ ನಾಲ್ಕು ತಾಲ್ಲೂಕಿನಲ್ಲಿ ಇಲ್ಲ.

ಮೊಬೈಲು ಇನ್ನೂ ಸೋಪಿನ ಬಿಲ್ಲೆಯಷ್ಟು ದಪ್ಪವಿದ್ದ ಕಾಲ. ಮೈಸೂರಿನಿಂದ ರೇಖಾ ಎಂಬ ಇಂಜಿನಿಯರ್ ಹುಡುಗಿ ಬಂದಳು. ದೊಡ್ಡ ಕಟ್ಟಡಗಳು ಎಷ್ಟು ಕರೆಂಟು, ಎಷ್ಟು ಡೀಸೆಲ್, ಎಷ್ಟು ಸೌದೆ ಖರ್ಚು ಮಾಡುತ್ತವೆ, ಅದರಿಂದ ಎಷ್ಟು ಇಂಗಾಲ ಗಾಳಿಗೆ ಸೇರುತ್ತದೆ ಎಂದು ವರದಿ ಮಾಡುವುದು ಅವಳ ಕೆಲಸವಂತೆ. ಹೊಗೆಸೊಪ್ಪು ಬೇಯಿಸುವ ಬ್ಯಾರನ್ನುಗಳ ಹೊಗೆಯಲ್ಲೇ ಹುಟ್ಟಿ ಬೆಳೆದವರು ನಾವು. ನಮ್ಮನ್ನು ಬಂದು ಛತ್ರದ ಹೊಗೆಗೆ ಲೆಕ್ಕ ಕೇಳುತ್ತಾಳಲ್ಲ ಎಂದು ನನಗೆ ಒಳಗೊಳಗೇ ನಗು. ಅಷ್ಟರಲ್ಲಿ ಅವಳು, “ಸರ್, ವರದಿ ನೋಡಿ ಈ ಕಡೆಯ ಒಂದು ಛತ್ರಕ್ಕೆ ನೀರು ಕಾಯಿಸೋ ಸೋಲಾರ್ ಪುಕ್ಕಟೆ ಹಾಕಿಸಿ ಕೊಡ್ತಾರೆ” ಅಂದಳು.

ಆ ಮಾತು ಹಿತ್ತಲಲ್ಲಿದ್ದ ಸಾಕಮ್ಮನ ಕಿವಿಗೆ ಬಿತ್ತು. ಮದುವೆಯ ಬೆಳಗಿನ ಜಾವ ಗಂಡಿನ ಕಡೆಯವರ ಸ್ನಾನಕ್ಕೆ ಹಂಡೆಯ ಒಲೆ ಉರಿಸುವವಳು ಅವಳೇ. ಹಸಿ ಸೌದೆ ಊದಿ ಊದಿ ಅವಳ ಕಣ್ಣು ಯಾವಾಗಲೂ ಕೆಂಡ.

“ಅಣ್ಣಯ್ಯ, ಅದೊಂದು ಎಂಗಾದ್ರೂ ಮಾಡಿ ತರ್ಸಿ. ಈ ಒಗೇಲಿ ನನ್ ಕಣ್ಣೇ ಓಯ್ತವೆ.”

“ಬುಡು ಸಾಕಮ್ಮ, ಸೋಲಾರ್ ಬಂತು ಅಂತ್ಲೇ ತಿಳ್ಕೊ” ಎಂದು ಮೀಸೆ ತಿರುವಿದೆ.

ನನ್ನ ತರ್ಕ ಸರಳ. ಸೊಸೈಟಿಯಲ್ಲಿ ಗೊಬ್ಬರ ಹಂಚುವಾಗ ಜಮೀನು ಜಾಸ್ತಿ ಇದ್ದವನಿಗೆ ಮೂಟೆ ಜಾಸ್ತಿ. ಹಾಗೆಯೇ ಹೆಚ್ಚು ಉರಿಸುವವನಿಗೇ ಸೋಲಾರು. ಕರೆಂಟಿನ ಲೆಕ್ಕವನ್ನು ಹುಡುಗಿ ಮೀಟರು ನೋಡಿಯೇ ಬರೆದುಕೊಂಡಳು, ಅಲ್ಲಿ ನನ್ನ ಕೈಚಳಕಕ್ಕೆ ಜಾಗವಿರಲಿಲ್ಲ. ಆದರೆ ಸೌದೆಗೆ ಮೀಟರು ಎಲ್ಲಿದೆ?

“ಒಂದು ಮದ್ವೆಗೆ ಒಂದು ಲಾರಿ ಸೌದೆ ಕಣಮ್ಮ” ಅಂದೆ. ನಿಜ ಹೇಳಬೇಕೆಂದರೆ ಒಂದು ಎತ್ತಿನ ಗಾಡಿಯಲ್ಲಿ ಬಂದದ್ದೇ ಮಿಕ್ಕುತ್ತಿತ್ತು.

“ಒಂದೇ ಮದುವೆಗಾ ಸರ್?”

“ನೀವು ನೋಡಿರೋದು ಮೈಸೂರು ಮದ್ವೆ. ನಮ್ಮಲ್ಲಿ ಗಂಡಿನ ಕಡೆಯೋರು ಅಂದ್ರೆ ಅರ್ಧ ಊರು. ಎಲ್ರೂ ಮೀಬೇಕು. ಇನ್ನು ಜನರೇಟರು, ಕರೆಂಟು ಇದ್ರೂ ಓಡ್ತಾನೇ ಇರ್ತದೆ. ಆ ಸದ್ದಿಲ್ದಿದ್ರೆ ನಮ್ಮೋರಿಗೆ ಮದ್ವೆ ಅನ್ಸಾಕಿಲ್ಲ.”

ಹುಡುಗಿ ಕಣ್ಣರಳಿಸಿ ಬರೆದುಕೊಂಡಳು. ಮೆಚ್ಚಿದಳು ಎಂದುಕೊಂಡೆ.

ಹೊರಡುವಾಗ, “ನಾಳೆ ಪಿರಿಯಾಪಟ್ಟಣದ ಛತ್ರಕ್ಕೆ ಹೋಗ್ತೀನಿ ಸರ್, ಅದು ಹೇಗಿದೆ?” ಎಂದು ಕೇಳಿದಳು. ಕೇಳಬಾರದಿತ್ತು. ಆ ಛತ್ರ ನೋಡಿಕೊಳ್ಳುವವರು ನನ್ನ ಮಗಳ ಮಾವ ಚಿಕ್ಕೇಗೌಡರು. ಮಗಳ ಮದುವೆಯಲ್ಲೇ ಅವರ ಎಲೆಯಡಿಕೆಗೆ ಮೆಣಸಿನಕಾಳು ಸೇರಿಸಿದವನು ನಾನು. ಅವರ ಕಾಲೆಳೆಯುವ ಅವಕಾಶವನ್ನು ಬಿಡುತ್ತೇನೆಯೇ?

“ಅಯ್ಯೋ, ಅದೂ ಒಂದು ಛತ್ರವೇ? ನಮ್ಮ ಬೀಗ್ರು ಪಂಕ್ತಿ ಏಳೋಕೆ ಮುಂಚೆನೇ ಲೈಟ್ ಆರಿಸ್ತಾರೆ. ಕತ್ಲಲ್ಲಿ ಪಾಯ್ಸ ಯಾವ್ದು, ಸಾರು ಯಾವ್ದು ಗೊತ್ತಾಗಾಕಿಲ್ಲ. ನೀರು ಕಾಯ್ಸೋಕೆ ತೆಂಗಿನ ಗರಿ. ಮದ್ವೆ ಗಂಡೂ ಅರ್ಧ ಬಕೀಟಲ್ಲೇ ಮಿಂದು ಬರ್ಬೇಕು. ಇದನ್ನೂ ಬರ್ಕೊಳ್ಳಿ!”

ಬರೆದುಕೊಂಡಳು. ಮಾರನೆಯ ದಿನ ಅಲ್ಲಿಗೆ ಹೋಗಿ ಕಣ್ಣಾರೆ ನೋಡಿದಳು. ನಾನು ಹೇಳಿದ್ದರಲ್ಲಿ ನಿಜವಾಗಿದ್ದದ್ದು ಅದೊಂದೇ.

ಕೆಲವು ತಿಂಗಳಾದ ಮೇಲೆ ಚಿಕ್ಕೇಗೌಡರ ಫೋನು ಬಂತು. “ಬೀಗ್ರೆ, ನಮ್ ಛತ್ರಕ್ಕೆ ಸೋಲಾರ್ ಬಂತು ಕಣ್ರೀ! ಕಡ್ಮೆ ಸುಡೋ ಛತ್ರಕ್ಕೇ ಬಹುಮಾನವಂತೆ. ನೀವೇ ನಮ್ಮನ್ನ ಬಾಯ್ತುಂಬ ಒಗಳಿದ್ರಂತೆ, ಆ ಉಡ್ಗಿ ಯೋಳುದ್ಲು. ನಿಮ್ಮನ್ನ ಇಷ್ಟ್ ದಿನ ಬರೀ ತರ್ಲೆ ಅಂದ್ಕೊಂಡಿದ್ದೆ.”

“ಬೀಗ್ರಿಗೆ ಇಷ್ಟೂ ಮಾಡ್ದಿದ್ರೆ ಎಂಗೆ?” ಅಂದೆ. ಆಮೇಲೆ ಮೆಲ್ಲಗೆ ಕೇಳಿದೆ, “ನಮ್ ಛತ್ರದ ಕತೆ ಏನಂತೆ?”

“ಎಲ್ರಿಗಿಂತ ಮೇಲೈತಂತೆ ಬುಡಿ, ಒಗೇಲಿ.”

ಸುದ್ದಿ ಕೇಳಿ ಸಾಕಮ್ಮ ಊದುಗೊಳವೆ ಹಿಡಿದೇ ಬಂದಳು. “ಒಂದ್ ಲಾರಿನಾ ಅಣ್ಣಯ್ಯ? ಅಷ್ಟನ್ನೂ ನಾನ್ ಒಬ್ಳೇ ಉರ್ಸಿದ್ನಾ? ನನ್ ಮಗ್ಳು ಕಂಪಲಾಪುರದಾಗೆ ಅವ್ಳೆ, ಅಲ್ಲೇ ಇದ್ಕೊಂಡು ನಿಮ್ ಬೀಗ್ರ ಛತ್ರಕ್ಕೆ ಓಯ್ತೀನಿ. ನಲ್ಲಿ ತಿರುಗ್ಸುದ್ರೆ ಬಿಸ್ನೀರಂತೆ. ತಕಳಿ, ಇನ್ ಮ್ಯಾಕೆ ನೀವೇ ಊದಿ.” ಕೊಳವೆಯನ್ನು ನನ್ನ ಕೈಗಿಟ್ಟು ಬಸ್ಸು ಹತ್ತಿಯೇಬಿಟ್ಟಳು. ಆಮೇಲೊಮ್ಮೆ ಬೀಗರ ಛತ್ರದಲ್ಲಿ ಸಿಕ್ಕಿದಾಗ ನೋಡುತ್ತೇನೆ, ಅವಳ ಕಣ್ಣು ಮಲ್ಲಿಗೆಯಷ್ಟು ಬೆಳ್ಳಗಿವೆ.

ಬೆಳಗಿನ ಜಾವ ಆ ಒಲೆಯ ಮುಂದೆ ಕೂರಲು ಬೇರೆ ಯಾರೂ ಒಪ್ಪಲಿಲ್ಲ. ಹೀಗಾಗಿ ಈಗ ಮದುವೆ ಮದುವೆಗೂ ಊದುವವನು ನಾನೇ. ಧಾರೆಯ ಹೊತ್ತಿಗೆ ಮಂಟಪದ ಪಕ್ಕ ಬಂದು ನಿಂತರೂ ಕಣ್ಣೀರು ನಿಂತಿರುವುದಿಲ್ಲ. “ಯಾರ್ ಮನೆ ಹೆಣ್ಣು ಧಾರೆಗೆ ನಿಂತ್ರೂ ಯಜಮಾನ್ರು ಅಳ್ತಾರೆ ಕಣ್ರೀ, ಎಂಥಾ ಮನ್ಸು!” ಎಂದು ಹೆಂಗಸರು ಮಾತಾಡಿಕೊಳ್ಳುತ್ತಾರೆ. ಹೆಣ್ಣಿನ ತಾಯಂದಿರು ನನಗೇ ಸಮಾಧಾನ ಹೇಳುತ್ತಾರೆ. ನಾನು ಅಲ್ಲ ಅನ್ನುವುದಿಲ್ಲ. ಟವೆಲ್ಲನ್ನು ಕಣ್ಣಿಗೊತ್ತಿಕೊಂಡು, ಮಂಟಪದ ಮರ್ಯಾದೆಗೆ ಇರಲಿ ಎಂದು ಎರಡು ಬಿಕ್ಕು ಜಾಸ್ತಿಯೇ ಸೇರಿಸುತ್ತೇನೆ.