ನಡುಮನೆಯಲ್ಲಿ ಎದ್ದ ಬೆಟ್ಟ

ಬೆಟ್ಟ ಹೇಗೆ ಹುಟ್ಟುತ್ತದೆ ಎಂದು ಮಕ್ಕಳಿಗೆ ಕಲಿಸಲು ಪುಸ್ತಕ ಯಾಕೆ, ನಾನೊಬ್ಬ ಸಾಲದೇ ಎಂದು ಆ ಭಾನುವಾರ ಘೋಷಿಸಿಯೇಬಿಟ್ಟೆ! ಇಪ್ಪತ್ತು ವರ್ಷದಿಂದ ಟೈಲ್ಸ್ ಹಾಸುತ್ತಿರುವವನು ನಾನು. ಉಬ್ಬು ಕಂಡಲ್ಲಿ ತಟ್ಟಿ ಕೂರಿಸುವುದೇ ನನ್ನ ಕಸುಬು. ಶತ್ರುವಿನ ಗುಟ್ಟು ನನಗಲ್ಲದೆ ಇನ್ಯಾರಿಗೆ ಗೊತ್ತಿರಬೇಕು?

ಮಗಳೂ ಅವಳ ಐವರು ಗೆಳತಿಯರೂ ಮರುದಿನ ತರಗತಿಯಲ್ಲಿ ಬೆಟ್ಟದ ಪಾಠ ಒಪ್ಪಿಸಬೇಕಿತ್ತು. ಆ ಭಾನುವಾರವೇ ಸಂಜೆ ನಾಲ್ಕಕ್ಕೆ ಅವರ ಹೆಡ್‌ಮೇಡಂ ನಮ್ಮ ಮನೆಗೆ ಬರುವವರಿದ್ದರು. ಪಾಠ ಕೇಳಲು ಅಲ್ಲ, ನನ್ನ ನೆಲ ನೋಡಲು! ಶಾಲೆಯ ಹನ್ನೊಂದು ಕೋಣೆಗಳಿಗೆ ಟೈಲ್ಸ್ ಹಾಸುವ ಕೆಲಸ ಯಾರಿಗೆ ಎಂಬುದು ನಮ್ಮ ನಡುಮನೆ ನೋಡಿದ ಮೇಲೆ ತೀರ್ಮಾನ. ಮೂರು ತಿಂಗಳಿಂದ ಕರಣೆ ಮುಟ್ಟದೆ ಕೂತಿದ್ದ ನನಗೆ ಆ ಕೆಲಸ ಬೇಕೇ ಬೇಕಿತ್ತು.

ಗೆಲ್ಲುವ ನಂಬಿಕೆಯೂ ಇತ್ತು. ನನ್ನ ನಡುಮನೆಯ ನೆಲವೆಂದರೆ ಸುಮ್ಮನೆ ಅಲ್ಲ! ಈ ಗೋಡೆಯಿಂದ ಆ ಗೋಡೆಯವರೆಗೆ ಕೂದಲೂ ತೂರದ ಹಾಗೆ ಬಿಗಿದಿದ್ದೆ. ಹಾಸುವಾಗ ನನ್ನ ಹೆಂಡತಿ ತನ್ನ ಹೊಲಿಗೆ ಮೆಷಿನ್ ತುಳಿಯುತ್ತಲೇ ಅಡ್ಡಬಾಯಿ ಹಾಕಿದ್ದಳು.

"ರೀ, ಗೋಡೆ ಪಕ್ಕ ಒಂದ್ಬೆರಳು ಜಾಗ ಬಿಡ್ರಿ. ನಾನು ಅಂಗಿ ಹೊಲಿದ್ರೂ ಒಳಗೆ ಅಷ್ಟು ಬಟ್ಟೆ ಬಿಡ್ತೀನಿ."

"ಅಂಗಿ ಹಾಕ್ಕೊಳ್ಳೋರು ತಿಂದು ದಪ್ಪ ಆಗ್ತಾರೆ ಕಣೇ. ನೆಲ ಏನು ತಿನ್ನುತ್ತೆ?"

"ಬಿಸಿಲು!"

ಜೋರಾಗಿ ನಕ್ಕಿದ್ದೆ. ಜಾಗ ಬಿಡುವುದು ಅಳತೆ ಬಾರದವರ ಕೆಲಸ ಎಂದು ಭಾಷಣವನ್ನೂ ಬಿಗಿದಿದ್ದೆ.

ಇರಲಿ. ಮಧ್ಯಾಹ್ನ ಎರಡೂವರೆ. ಆ ಬೇಸಿಗೆಯ ಅತಿ ಕೆಟ್ಟ ಬಿಸಿಲು ದೊಡ್ಡ ಕಿಟಕಿಯಿಂದ ನೆಲದ ಮೇಲೆ ಸುರಿಯುತ್ತಿತ್ತು. ಮಕ್ಕಳನ್ನು ಗೋಡೆಗೊರಗಿಸಿ ಕೂರಿಸಿ, ಮೇಜಿನ ಮೇಲೆ ಬೆಡ್‌ಶೀಟ್ ಹರಡಿದೆ.

"ನೋಡ್ರಮ್ಮಾ, ಭೂಮಿಯ ಮೇಲ್ಪದರ ಅಂದ್ರೆ ದೊಡ್ಡ ದೊಡ್ಡ ಚಪ್ಪಡಿಗಳು. ಈ ಕಡೆಯಿಂದ ಒಂದು ತಳ್ಳುತ್ತೆ, ಆ ಕಡೆಯಿಂದ ಇನ್ನೊಂದು ತಳ್ಳುತ್ತೆ. ಸರಿಯೋಕೆ ಜಾಗ ಇಲ್ಲ. ಆಗ ಏನಾಗುತ್ತೆ?"

"ಢಬ್!" ಎಂದಿತು. ಮಕ್ಕಳಲ್ಲ, ನೆಲ!

ಬಾಗಿಲಿನಿಂದ ಕಿಟಕಿಯವರೆಗೆ ಎರಡು ಸಾಲು ಟೈಲ್ಸ್ ಬಿಸಿಲಿಗೆ ಹಿಗ್ಗಿ, ತಲೆಗೆ ತಲೆ ಕೊಟ್ಟು ಎದ್ದು ನಿಂತಿದ್ದವು. ಬೆಟ್ಟ ಅಗೆದು ಇಲಿ ಹಿಡಿದವರನ್ನು ಕೇಳಿದ್ದೀರಿ; ನೆಲ ಹಾಸಿ ಬೆಟ್ಟ ಹಿಡಿದವನು ನಾನೊಬ್ಬನೇ! ಬೆಡ್‌ಶೀಟ್ ಅಲ್ಲೇ ಬಿಟ್ಟು ಓಡಿದೆ. ಮಕ್ಕಳು ಮಾತ್ರ ಚಪ್ಪಾಳೆ ತಟ್ಟಿದರು.

"ಅಂಕಲ್, ಇನ್ನೊಂದ್ಸಲ!"

ಸೋಲುವ ಜಾಯಮಾನ ನನ್ನದಲ್ಲ. ಬೆಟ್ಟದ ಮೇಲೆ ಹತ್ತಿ ನಿಂತೆ. ಪಕ್ಕದ ಸಾಲು ಎದ್ದಿತು. ಅದನ್ನು ತುಳಿಯಲು ಹಾರಿದೆ. ನೀರಿನ ಬಕೆಟ್ ಉರುಳಿತು. ನೀರೆಲ್ಲ ಅಡಿಗೆಮನೆ ಕಡೆಗೇ ಹರಿಯಿತು. ಆಚೆ ಕಡೆ ತೊಟ್ಟೂ ಇಲ್ಲ. ಆಚೆ ಕಡೆಯೇ ಕುರ್ಚಿ ಹಾಕಿಕೊಂಡು ಕೂತಿದ್ದ ನನ್ನ ಅಮ್ಮ ಅಲ್ಲಿಂದಲೇ ಕೂಗಿದರು.

"ಲೋ, ನನ್ನ ಮಾತ್ರೆ ಆ ಕಡೆ ಉಳೀತು! ನಾನು ಹೆಂಗೆ ಬರ್ಲಿ?"

"ಹಿತ್ತಲಿಂದ ಸುತ್ತಿ ಬಾಮ್ಮ!"

"ನನ್ನ ಮಂಡಿ ಇಟ್ಕೊಂಡಾ?"

ಮಕ್ಕಳು ಸಾಲಾಗಿ ನಿಂತು ಬೆಟ್ಟದ ಮೇಲಿಂದ ಮಾತ್ರೆ ದಾಟಿಸಿದರು. ಬದಲಿಗೆ ಅಮ್ಮ ತಮ್ಮ ಡಬ್ಬಿಯ ಪೆಪ್ಪರಮಿಂಟು ಕಳಿಸಿದರು. ಬೆಕ್ಕು ಟೈಲ್ಸಿನ ಕೆಳಗಿನ ಗುಹೆಯಲ್ಲಿ ಸಂಸಾರ ಹೂಡಿತು. ಮಗಳು ಎಲ್ಲವನ್ನೂ ನೋಟ್‌ಬುಕ್ಕಿನಲ್ಲಿ ಬರೆದುಕೊಳ್ಳುತ್ತಿದ್ದಳು. ಹೆಂಡತಿ ಟೇಪನ್ನು ಕೊರಳಿಗೆ ಹಾಕಿಕೊಂಡು ಬಾಗಿಲಲ್ಲಿ ನಿಂತಿದ್ದಳು. ನನ್ನತ್ತ ಒಂದು ಬೆರಳು ಎತ್ತಿ ತೋರಿಸಿದಳು. ಬೈದಿದ್ದರೆ ಎಷ್ಟೋ ವಾಸಿಯಿತ್ತು!

ಸರಿಯಾಗಿ ನಾಲ್ಕಕ್ಕೆ ಹೆಡ್‌ಮೇಡಂ ಬಂದರು. ಜಟ್ಟಿ ಬಿದ್ದರೂ ಮೀಸೆ ಮಣ್ಣಾಗಬಾರದಲ್ಲ! ಎದೆಯುಬ್ಬಿಸಿ ನಿಂತೆ.

"ಇದು ಪಾಠಕ್ಕೆ ಅಂತ ಬೇಕಂತಲೇ ಎಬ್ಬಿಸಿದ ಬೆಟ್ಟ, ಮೇಡಂ!"

"ಹೌದಾ? ಎಲ್ಲಿ, ಏನು ಕಲಿತಿರಿ ಓದಮ್ಮ," ಎಂದರು ಅವರು ಮಗಳಿಗೆ.

ಅವಳು ಓದಿದಳು: "ಎರಡೂ ಕಡೆಯಿಂದ ಒತ್ತಿದಾಗ ಬೆಟ್ಟ ಏಳುತ್ತದೆ. ಒಂದು ಕಡೆ ನೀರು, ಇನ್ನೊಂದು ಕಡೆ ಒಣ. ಆಚೆಯವರು ಸುತ್ತಿ ಬರಬೇಕು, ಇಲ್ಲವೇ ಸಾಮಾನು ಅದಲುಬದಲು ಮಾಡಿಕೊಳ್ಳಬೇಕು. ಗುಹೆಯಲ್ಲಿ ಪ್ರಾಣಿಗಳಿರುತ್ತವೆ. ಜಾಗ ಬಿಟ್ಟಿದ್ದರೆ ಬೆಟ್ಟ ಏಳುತ್ತಿರಲಿಲ್ಲ. ಅಮ್ಮ ಬಿಡಲು ಹೇಳಿದ್ದಳು. ಅಪ್ಪ ಬಿಡಲಿಲ್ಲ."

ಹನ್ನೊಂದು ಕೋಣೆಗಳೂ ಕೈಬಿಟ್ಟು ಹೋದವು ಎಂದುಕೊಂಡೆ. ಮೇಡಂ ನಕ್ಕು ಕಣ್ಣೊರೆಸಿಕೊಂಡರು.

"ಕೆಲಸ ನಿಮಗೇ ಕೊಡ್ತೀನಿ. ನೆಲ ಯಾಕೆ ಏಳುತ್ತೆ ಅಂತ ನಿಮ್ಮಷ್ಟು ಚೆನ್ನಾಗಿ ಇನ್ಯಾರಿಗೂ ಗೊತ್ತಿರಲ್ಲ. ಆದ್ರೆ ಒಂದು ಷರತ್ತು."

"ಎಂಥ ಷರತ್ತಾದ್ರೂ ಸರಿ ಮೇಡಂ! ನಾನು ಯಾವುದಕ್ಕೂ ಹೆದರೋನಲ್ಲ!"

ಈಗ ಶಾಲೆಯಲ್ಲಿ ಮೂರನೆಯ ಕೋಣೆ ನಡೆಯುತ್ತಿದೆ. ಮೇಡಂ ಹಾಕಿದ ಷರತ್ತಿನಂತೆ ಗೋಡೆಯುದ್ದಕ್ಕೂ ಒಂದು ಬೆರಳು ಜಾಗ ಬಿಟ್ಟು ಟೈಲರ್ ಸೀಮೆಸುಣ್ಣದಿಂದ ಗೆರೆ ಎಳೆಯುವವಳು ನನ್ನ ಹೆಂಡತಿ. ನಾನು ಟೇಪಿನ ಇನ್ನೊಂದು ತುದಿ ಹಿಡಿದು, ಅವಳು "ಸರೀರಿ" ಎಂದಾಗಲೆಲ್ಲ ಮರುಮಾತಿಲ್ಲದೆ ಸರಿಯುತ್ತೇನೆ.