ಕೋಟು ತೊಟ್ಟ ಸ್ಪೀಕರುಗಳಿಗೊಂದು ಆಂಪ್ಲಿಫೈಯರ್

— ನೂರು.

— ಮೂವತ್ತು.

— ನೂರಕ್ಕಿಂತ ಒಂದೂ ಇಳಿಯಲ್ಲ.

— ಮೂವತ್ತಕ್ಕಿಂತ ಒಂದೂ ಏರಲ್ಲ.

ಶನಿವಾರ ಬೆಳಿಗ್ಗೆ, ರೇಡಿಯೊ ಅಂಗಡಿಯ ಗಾಜಿನ ಮೇಜಿನ ಮುಂದೆ ಈ ಮಾತು ನಡೆದಿತ್ತು. ಟಾರ್ಚಿಗೆ ಸೆಲ್ಲು ಕೊಳ್ಳಲು ಬಂದಿದ್ದವನೊಬ್ಬ ಇದು ಚೌಕಾಸಿ ಎಂದು ತಿಳಿದು, ನಡುವೆ ಎಲ್ಲಾದರೂ ಮುಗಿಸಿಬಿಡಿ ಎಂದು ಪಂಚಾಯಿತಿಗೆ ನಿಂತ. ಇಬ್ಬರೂ ಒಟ್ಟಿಗೆ ತಿರುಗಿ ಅವನನ್ನು ನೋಡಿದ ನೋಟಕ್ಕೆ ಅವನು ಸೆಲ್ಲನ್ನು ಅಲ್ಲೇ ಬಿಟ್ಟು ಹೊರಟುಹೋದ.

ಅದು ಚೌಕಾಸಿಯಲ್ಲ. ನೂರು ಎಂದವರು ಗಂಡ, ಮೂವತ್ತು ಎಂದವರು ಹೆಂಡತಿ. ಕೊಳ್ಳಬೇಕಾದ ಆಂಪ್ಲಿಫೈಯರು ಎಷ್ಟು ವ್ಯಾಟಿನದಾಗಿರಬೇಕು ಎಂಬುದು ಜಗಳ. ನಾಲ್ಕು ತಿಂಗಳಿಂದ ಮನೆಯೊಳಗಿದ್ದದ್ದು ಅಂದು ಬೀದಿಗೆ ಬಂದಿತ್ತು.

ಗಂಡ ಟೈಲರು. ಕೋಟು ಹೊಲಿಯುವುದರಲ್ಲಿ ಎತ್ತಿದ ಕೈ. ಮನುಷ್ಯರನ್ನು ಮುಖದಿಂದಲ್ಲ, ಭುಜದಿಂದ ಗುರುತು ಹಿಡಿಯುವವರು. ಹೆಂಡತಿ ಟೀಚರು. ಮೂವತ್ತೊಂದು ವರ್ಷ ಮೂರನೇ ತರಗತಿಯ ಗದ್ದಲದಲ್ಲಿ ಕಳೆದು ನಿವೃತ್ತರಾದಾಗ, ಇನ್ನಾದರೂ ಕಿವಿಗೆ ಇಂಪಾದದ್ದು ಬೀಳಲಿ ಎಂದು ಶಾಲೆಯವರೆಲ್ಲ ಸೇರಿ ಒಂದು ರೆಕಾರ್ಡ್ ಪ್ಲೇಯರನ್ನೂ ಕೊಳಲಿನ ಒಂದು ರೆಕಾರ್ಡನ್ನೂ ಕೊಟ್ಟಿದ್ದರು. ಸ್ಪೀಕರುಗಳು ಮನೆಯಲ್ಲೇ ಇದ್ದವು. ಟೀಚರ ಚಿಕ್ಕಪ್ಪ ಎಂಟು ವರ್ಷದ ಹಿಂದೆ ಚಿಕ್ಕ ಮನೆಗೆ ಹೋಗುವಾಗ, ಸೊಂಟದೆತ್ತರದ ಎರಡು ಸ್ಪೀಕರುಗಳನ್ನು ಇವರ ನಡುಮನೆಗೆ ಸಾಗಿಸಿ ಕೈ ತೊಳೆದುಕೊಂಡಿದ್ದರು. ಈ ಕಡೆ ಪ್ಲೇಯರು, ಆ ಕಡೆ ಸ್ಪೀಕರು. ನಡುವೆ ಪ್ಲೇಯರಿನ ಪಿಸುದನಿಯನ್ನು ದೊಡ್ಡದು ಮಾಡಿ ಸ್ಪೀಕರಿಗೆ ಮುಟ್ಟಿಸುವ ಆಂಪ್ಲಿಫೈಯರು ಮಾತ್ರ ಇರಲಿಲ್ಲ. ಅದಿಲ್ಲದೆ ಸೂಜಿ ಇಟ್ಟರೆ ಕೊಳಲು ಸೊಳ್ಳೆಯಂತೆ ಕೇಳುತ್ತಿತ್ತು.

ಆತುರವೇನೂ ಇರಲಿಲ್ಲ, ಟೀಚರು ಸುಳ್ಳು ಹೇಳದಿದ್ದರೆ. ಉಡುಗೊರೆ ಕೊಟ್ಟ ವಾರವೇ ಶಾಲೆಯ ಹೆಡ್‌ಮಿಸ್ ಫೋನು ಮಾಡಿ, ಪ್ಲೇಯರು ಹೇಗೆ ಹಾಡುತ್ತದೆ ಎಂದು ಕೇಳಿದ್ದರು. ಸುಳ್ಳು ಹೇಳಿದ ಮಕ್ಕಳನ್ನು ಬೆಂಚಿನ ಮೇಲೆ ನಿಲ್ಲಿಸುತ್ತಿದ್ದ ಟೀಚರ ಬಾಯಿಂದ, ಎದುರಿಗೇ ಕೂತು ನುಡಿಸಿದ ಹಾಗಿದೆ ಎಂಬ ಮಾತು ಜಾರಿಬಿಟ್ಟಿತು. ಆಮೇಲೆ ಪ್ರತಿ ಫೋನಿಗೂ ಅದು ಬೆಳೆಯಿತು. ಕೊಳಲಿನವರು ಉಸಿರೆಳೆದುಕೊಳ್ಳುವುದೂ ಕೇಳುತ್ತದೆ ಎನ್ನುವವರೆಗೆ ಹೋಯಿತು. ಆ ಉಸಿರನ್ನು ಕೇಳಲು ಹೆಡ್‌ಮಿಸ್ ಇನ್ನಿಬ್ಬರು ಟೀಚರುಗಳ ಜೊತೆ ಭಾನುವಾರ ನಾಲ್ಕು ಗಂಟೆಗೆ ಬರುತ್ತೇವೆ ಎಂದು ಹೇಳಿಕಳಿಸಿದ್ದರು.

ರೇಡಿಯೊ ಅಂಗಡಿಯ ಯಜಮಾನರು ಎದುರಿಗೆ ಕೂತು ಒಂದು ಆಂಪ್ಲಿಫೈಯರಿನ ಗುಂಡಿಗಳ ಸಂದಿಯ ಧೂಳನ್ನು ಬಣ್ಣದ ಕುಂಚದಿಂದ ಸವರುತ್ತಿದ್ದರು. ಕನ್ನಡಕಕ್ಕೆ ದಾರ ಕಟ್ಟಿ ಕೊರಳಿಗೆ ಹಾಕಿಕೊಂಡಿದ್ದ ವಯಸ್ಸಾದ ಮನುಷ್ಯ. ಮಾರುವುದಕ್ಕಿಂತ ಮಾರದಿರುವುದರಲ್ಲಿ ಅವರಿಗೆ ಹೆಚ್ಚು ಸುಖ ಎಂದು ಊರಿಗೇ ಗೊತ್ತಿತ್ತು.

— ಸಾರ್, ಮೊದಲು ಇದು ಹೇಳಿ. ನಿಮ್ಮ ಸ್ಪೀಕರ್ ಎಷ್ಟು ಓಮ್?

— ಓಮಾ?

ಟೈಲರು ಹೆಂಡತಿಯ ಮುಖ ನೋಡಿದರು. ಟೀಚರಿಗೂ ಹೊಳೆಯದಿರಲು ತಾವೇ ಕೇಳಿದರು.

— ನಮಗೆ ಗೊತ್ತಿರೋದು ಓಮದ ನೀರು, ಹೊಟ್ಟೆನೋವಿಗೆ. ಸ್ಪೀಕರಿಗೂ ಕುಡಿಸಬೇಕಾ?

ಯಜಮಾನರು ಕುಂಚ ಕೆಳಗಿಟ್ಟರು. ಓಮ್ ಎಂದರೆ ಸ್ಪೀಕರು ಒಡ್ಡುವ ತಡೆಯ ಅಳತೆ, ಅದು ತೀರ ಕಡಿಮೆಯಿದ್ದರೆ ಆಂಪ್ಲಿಫೈಯರಿಗೆ ಏದುಸಿರು ಬರುತ್ತದೆ, ಆದ್ದರಿಂದ ಎರಡಕ್ಕೂ ಹೊಂದಿಕೆ ನೋಡಬೇಕು ಎಂದು ನಿಧಾನವಾಗಿ ವಿವರಿಸಿದರು. ತಡೆ ಒಡ್ಡುವ ವಿಚಾರದಲ್ಲಿ ನಮ್ಮ ಮನೆಯಲ್ಲಿ ಯಾರಿಗೂ ಕಡಿಮೆಯಿಲ್ಲ ಎಂದು ಟೈಲರು ಹೇಳಿದ್ದನ್ನು ಅವರು ಕಿವಿಗೆ ಹಾಕಿಕೊಳ್ಳಲಿಲ್ಲ.

— ಹೋಗ್ಲಿ, ನಿಮ್ಮ ಸ್ಪೀಕರು ಸೂಕ್ಷ್ಮದ್ದಾ, ಮಂದವಾ? ಕೆಲವು ಒಂದು ಚೂರು ಕರೆಂಟಿಗೇ ಜೋರಾಗಿ ಮಾತಾಡ್ತವೆ, ಕೆಲವಕ್ಕೆ ಎಷ್ಟು ಕೊಟ್ಟರೂ ಸಾಲದು.

— ಸ್ವಭಾವ ಗೊತ್ತಿಲ್ಲ ಯಜಮಾನ್ರೇ. ಎಂಟು ವರ್ಷದಿಂದ ಮನೇಲಿವೆ, ಇನ್ನೂ ಬಾಯಿ ಬಿಟ್ಟಿಲ್ಲ.

ಆದರೂ ಟೈಲರು ಬರಿಗೈಯಲ್ಲಿ ಬಂದಿರಲಿಲ್ಲ. ಜೇಬಿನಿಂದ ಅಳತೆಯ ಚೀಟಿ ತೆಗೆದು ಹೆಮ್ಮೆಯಿಂದ ಮುಂದಿಟ್ಟರು. ಅದರಲ್ಲಿ ಅವರ ಅಂಗಡಿಯ ಪದ್ಧತಿಯಂತೆಯೇ ಬರೆದಿತ್ತು: ಉದ್ದ ಮೂವತ್ತೆಂಟು, ಎದೆ ನಲವತ್ತಾರು, ಸೊಂಟವೂ ನಲವತ್ತಾರು, ತೋಳು ಇಲ್ಲ.

ಯಜಮಾನರು ಚೀಟಿಯನ್ನು ಎರಡು ಸಲ ಓದಿದರು.

— ಇದಕ್ಕೆ ಪ್ಯಾಂಟು ಕೊಡಬಹುದು ಸಾರ್. ಆಂಪ್ಲಿಫೈಯರ್ ಕೊಡೋಕಾಗಲ್ಲ.

ಆಮೇಲೆ ವ್ಯಾಟಿನ ವಿಚಾರ ಬಂತು. ಬಟ್ಟೆ ಹೆಚ್ಚಿದ್ದರೆ ಒಳಗೆ ಮಡಚಿ ಹೊಲಿಯಬಹುದು, ಕಡಿಮೆ ಬಿದ್ದರೆ ಎಲ್ಲಿಂದ ತರುವುದು, ಆದ್ದರಿಂದ ನೂರು ಎಂಬುದು ಟೈಲರ ವಾದ. ಯಜಮಾನರು ತಲೆಯಾಡಿಸಿ, ಆ ಮಾತು ನಿಜ, ಸಣ್ಣ ಆಂಪ್ಲಿಫೈಯರನ್ನು ಶಕ್ತಿ ಮೀರಿ ದುಡಿಸಿದರೇ ಸ್ಪೀಕರು ಹಾಳಾಗುವುದು ಎಂದರು. ಟೈಲರು ಹೆಂಡತಿಯ ಕಡೆ ನೋಡಿ ಕಾಲರು ಸರಿಮಾಡಿಕೊಂಡರು. ಕಿರುಚುವ ಮೇಷ್ಟರ ಪಾಠ ಯಾವ ಮಗುವಿಗೂ ತಲೆಗೆ ಹತ್ತುವುದಿಲ್ಲ, ಹನ್ನೆರಡು ಅಡಿಯ ಕೋಣೆಗೆ ಮೂವತ್ತೇ ಧಾರಾಳ ಎಂಬುದು ಟೀಚರ ವಾದ. ಅದೂ ನಿಜ, ಮನೆಯಲ್ಲಿ ಕೇಳುವ ಸದ್ದಿಗೆ ಐದು ವ್ಯಾಟೂ ಖರ್ಚಾಗುವುದಿಲ್ಲ ಎಂದರು ಯಜಮಾನರು. ಈಗ ಟೀಚರು ಸೆರಗು ಸರಿಮಾಡಿಕೊಂಡರು.

— ನೀವು ಇಬ್ಬರಿಗೂ ಫುಲ್ ಮಾರ್ಕ್ಸ್ ಕೊಟ್ರೆ ಹೇಗೆ? ಯಾವುದಾದರೂ ಒಂದನ್ನ ಪ್ಯಾಕ್ ಮಾಡಿ.

— ಅಮ್ಮಾ, ಕಾಲು ನೋಡದೆ ಯಾರಾದರೂ ಚಪ್ಪಲಿ ಕೊಡ್ತಾರಾ? ಸ್ಪೀಕರ್ ಹಿಂಭಾಗದಲ್ಲಿ ಎಲ್ಲಾ ಬರೆದಿರುತ್ತೆ. ಓದಿಕೊಂಡು ಬನ್ನಿ, ಆಮೇಲೆ ಮಾತು.

ಹಿಂಭಾಗ ನೋಡುವುದು ಅಷ್ಟು ಸುಲಭವಿರಲಿಲ್ಲ. ಸ್ಪೀಕರುಗಳು ಬಂದ ಹೊಸದರಲ್ಲಿ ಟೈಲರು ಧೂಳು ಹತ್ತಬಾರದೆಂದು ಅವಕ್ಕೆ ಉಳಿಕೆ ಬಟ್ಟೆಯಲ್ಲಿ ಗವಸು ಹೊಲಿದಿದ್ದರು. ಗವಸೆಂದರೆ ಹಾಸಿಗೆ ಗವಸಲ್ಲ. ಕಡುನೀಲಿ ಕೋಟಿನ ಬಟ್ಟೆ, ಒಳಗೆ ಅಸ್ತರಿ, ಅಂಚಿಗೆ ಪೈಪಿಂಗು. ತಲೆಯಿಂದ ಬುಡದವರೆಗೆ ಮೈಗೆ ಅಂಟಿದಂತೆ ಕೂತಿತ್ತು. ಗುಂಡಿ ಇಟ್ಟರೆ ಅಂದ ಕೆಡುತ್ತದೆಂದು ಕೊನೆಯ ಹೊಲಿಗೆಯನ್ನು ಸ್ಪೀಕರಿನ ಮೈಮೇಲೆಯೇ ಕೈಯಲ್ಲಿ ಹಾಕಿದ್ದರು. ಬಿಚ್ಚಬೇಕೆಂದರೆ ಕತ್ತರಿಸಬೇಕು, ಕತ್ತರಿಸಲು ಟೈಲರು ಒಪ್ಪುವುದಿಲ್ಲ. ಟೀಚರು ಇದನ್ನು ತಲೆ ತಗ್ಗಿಸಿಕೊಂಡು ಹೇಳಿದರು. ಯಜಮಾನರು ಅಂಗಡಿಯ ಬಾಗಿಲು ಎಳೆದು, ಕೈಚೀಲ ಹಿಡಿದು, ನಡೀರಿ ಎಂದರು.

ಮನೆಯ ನಡುಮನೆಯಲ್ಲಿ ಕಿಟಕಿಯ ಎರಡೂ ಬದಿಗೆ ನೀಲಿ ಕೋಟಿನ ಇಬ್ಬರು ದ್ವಾರಪಾಲಕರಂತೆ ಸ್ಪೀಕರುಗಳು ನಿಂತಿದ್ದವು. ಒಂದರ ನೆತ್ತಿಯ ಮೇಲೆ ಹೂದಾನಿ, ಇನ್ನೊಂದರ ನೆತ್ತಿಯ ಮೇಲೆ ಟೀಚರ ಕನ್ನಡಕದ ಪೆಟ್ಟಿಗೆ.

— ಹೊಲಿಗೆ ಚೆನ್ನಾಗಿದೆ, ಎಂದರು ಯಜಮಾನರು. ಬಿಚ್ಚಿ.

ಟೈಲರು ಕತ್ತರಿ ಹುಡುಕಲು ಹೋಗಿ ಕಾಲು ಗಂಟೆ ಬರಲಿಲ್ಲ. ಮೂವತ್ತು ವರ್ಷ ಕತ್ತರಿ ಹಿಡಿದವರಿಗೆ ಅಂದು ಮನೆಯಲ್ಲಿ ಒಂದೂ ಸಿಗಲಿಲ್ಲವಂತೆ. ಟೀಚರು ಒಳಗೆ ಹೋಗಿ ನೋಡಿದರೆ, ಮಂಚದ ತುದಿಯಲ್ಲಿ ಕೂತಿದ್ದರು, ಕತ್ತರಿ ಕೈಯಲ್ಲೇ ಇತ್ತು.

— ಎಂಟು ವರ್ಷದಲ್ಲಿ ಒಂದು ಎಳೆ ಬಿಟ್ಟಿಲ್ಲ ಕಣೇ ಅದು.

— ಗೊತ್ತು. ಅದಕ್ಕೇ ಅಲ್ವಾ ನಾನೂ ಇಷ್ಟು ದಿನ ಬಿಚ್ಚಿ ಅಂತ ಗಟ್ಟಿಯಾಗಿ ಹೇಳ್ಲಿಲ್ಲ.

ಅವರು ಇನ್ನೂ ಏಳದಿದ್ದುದನ್ನು ಕಂಡು ಟೀಚರು ದನಿ ತಗ್ಗಿಸಿದರು.

— ನಾಳೆ ಅವರೆಲ್ಲ ಬಂದು ಸೊಳ್ಳೆ ಸದ್ದು ಕೇಳಿಸಿಕೊಂಡು ಹೋದರೆ, ನಾನು ಆ ಶಾಲೆ ಬೀದೀಲಿ ಮತ್ತೆ ತಲೆ ಎತ್ತಿಕೊಂಡು ಓಡಾಡಲ್ಲ ರೀ.

ಟೈಲರು ಎದ್ದು ಬಂದರು. ಸ್ಪೀಕರಿನ ಬೆನ್ನ ಕಡೆ ಕೂತು, ಒಂದೊಂದೇ ಹೊಲಿಗೆಯನ್ನು ಕತ್ತರಿಯ ತುದಿಯಿಂದ ಎತ್ತಿ ಬಿಡಿಸಿದರು. ಬೆನ್ನ ಕಡೆಯ ಬಟ್ಟೆ ಎರಡು ಪಾಲಾಗಿ ಜಾರಿತು. ಯಜಮಾನರು ಕನ್ನಡಕ ಮೂಗಿಗೇರಿಸಿ ಹಿಂದೆ ಬಗ್ಗಿದರು. ಅಲ್ಲಿ ಲೋಹದ ಹಲ್ಲುಹಲ್ಲಿನ ಒಂದು ತಗಡು, ಒಂದು ತಿರುಗುಗುಂಡಿ, ಒಂದು ಸ್ವಿಚ್ಚು ಇದ್ದವು. ಬಗ್ಗಿದವರು ಏಳಲೇ ಇಲ್ಲ. ಸೊಂಟ ಹಿಡಿಯಿತೇನೋ ಎಂದು ಟೀಚರು ಕುರ್ಚಿ ತಂದರು.

— ಅಮ್ಮಾ, ನಿಮಗೆ ನಾನು ಆಂಪ್ಲಿಫೈಯರ್ ಕೊಡಲ್ಲ.

— ಅಂದ್ರೆ? ಎಂದರು ಟೈಲರು. ನಮ್ಮ ಮನೆ ನೋಡಿ ಬೇಡ ಅನ್ನಿಸ್ತಾ?

— ಹಾಗಲ್ಲ ಸಾರ್. ಇವಕ್ಕೆ ಆಂಪ್ಲಿಫೈಯರ್ ಬೇಡ.

— ಬೇಕೋ ಬೇಡವೋ ನಾವು ಹೇಳಬೇಕು. ನೀವು ಕೊಡದಿದ್ರೆ ಊರಲ್ಲಿ ಇದೊಂದೇ ಅಂಗಡಿ ಅಲ್ಲ. ನೂರೈವತ್ತು ವ್ಯಾಟಿಂದೇ ತರ್ತೀನಿ.

— ಎರಡು ನೂರರದ್ದು ತನ್ನಿ, ಯಾರು ಬೇಡ ಅಂದ್ರು, ಎಂದರು ಟೀಚರು. ಆ ಕ್ಷಣದಲ್ಲಿ ಅವರು ಸಂಪೂರ್ಣ ಗಂಡನ ಪಕ್ಷದಲ್ಲಿದ್ದರು.

ಯಜಮಾನರು ಕುರ್ಚಿಯಲ್ಲಿ ಕೂತು, ಕನ್ನಡಕ ಒರೆಸಿಕೊಂಡು, ಮೂರನೇ ತರಗತಿಯ ಮಗುವಿಗೂ ಅರ್ಥವಾಗುವಂತೆ ಹೇಳಿದರು.

— ಇವುಗಳ ಹೊಟ್ಟೆಯಲ್ಲೇ ಆಂಪ್ಲಿಫೈಯರ್ ಇದೆ. ಕಂಪನಿಯವರೇ ಒಳಗೆ ಕೂರಿಸಿದ್ದಾರೆ. ಗೋಡೆಯ ಕರೆಂಟಿಗೆ ಚುಚ್ಚಿದರೆ ಮುಗೀತು. ಇದರ ಜೊತೆ ಎರಡು ಕರೆಂಟು ವೈರು ಬಂದಿರಬೇಕಲ್ಲ?

ಟೈಲರು ಜಾರಿದ ಗವಸಿನ ಅಂಚನ್ನು ಮಡಚತೊಡಗಿದರು. ಬಂದಿದ್ದವು, ಪ್ಲಗ್ಗು ಗಟ್ಟಿಮುಟ್ಟಾಗಿದ್ದವು, ಒಂದನ್ನು ಇಸ್ತ್ರಿ ಪೆಟ್ಟಿಗೆಗೆ, ಇನ್ನೊಂದನ್ನು ಹೊಲಿಗೆ ಮೆಷಿನ್ನಿನ ಮೋಟಾರಿಗೆ ಹಾಕಿಕೊಂಡಿದ್ದೇನೆ ಎಂದು ಗವಸಿಗೆ ಹೇಳುವಂತೆ ಹೇಳಿದರು.

— ಅಲ್ರೀ, ಮೇಜಿನಂತೆ ಸುಮ್ಮನೆ ನಿಂತಿರೋ ಪೆಟ್ಟಿಗೆಗೆ ಪ್ಲಗ್ಗು ಯಾಕಿದೆ ಅಂತ ಒಂದು ಸಲನಾದ್ರೂ ಅನ್ನಿಸಲಿಲ್ವಾ?

— ನಿಮ್ಮ ಚಿಕ್ಕಪ್ಪ ಕೊಟ್ಟ ಸಾಮಾನಿನ ಬಗ್ಗೆ ಪ್ರಶ್ನೆ ಕೇಳಬಾರದು ಅಂತ ನೀನೇ ತಾನೇ ಮದುವೆಯಾದ ವರ್ಷ ಹೇಳಿದ್ದು?

ಕಂಕುಳಲ್ಲಿ ಕೂಸಿಟ್ಟುಕೊಂಡು ಊರೆಲ್ಲ ಹುಡುಕಿದರಂತೆ ಎಂದು ಟೀಚರು ತಮ್ಮಷ್ಟಕ್ಕೆ ಗೊಣಗಿದರು. ಆದರೆ ಟೈಲರಿಗೆ ಇನ್ನೂ ಒಂದು ಆಸೆ ಉಳಿದಿತ್ತು. ಒಳಗಿರುವುದು ಎಷ್ಟು ವ್ಯಾಟಿನದು ಎಂದು ಕೇಳಿದರು. ಯಜಮಾನರು ಬಗ್ಗಿ ಓದಿ, ಅರವತ್ತೈದು ಎಂದರು. ಟೀಚರು ಕ್ಷಣದಲ್ಲಿ ಲೆಕ್ಕ ಹಾಕಿದರು. ನೂರರಿಂದ ಮೂವತ್ತೈದು ಕಡಿಮೆ, ಮೂವತ್ತರಿಂದ ಮೂವತ್ತೈದು ಹೆಚ್ಚು. ಗೆದ್ದೆ ಎನ್ನಲು ಇಬ್ಬರಿಗೂ ಜಾಗ ಇರಲಿಲ್ಲ.

ಯಜಮಾನರ ಕೈಚೀಲದಲ್ಲಿ ಬೇಕಾದ ವೈರುಗಳೆಲ್ಲ ಇದ್ದವು. ಟೈಲರು ಇನ್ನೊಂದರ ಬೆನ್ನನ್ನೂ ಬಿಡಿಸಿಕೊಟ್ಟ ಮೇಲೆ ಪ್ಲೇಯರನ್ನು ಜೋಡಿಸಿ, ಸ್ವಿಚ್ಚು ಒತ್ತಿ, ಸೂಜಿ ಇಟ್ಟರು. ಬೆನ್ನು ಬಿಚ್ಚಿದ್ದರೂ ಸ್ಪೀಕರುಗಳ ಎದೆಯ ಮೇಲೆ ಇನ್ನೂ ಕೋಟಿತ್ತು. ಕೊಳಲು ಬಾಯಿಗೆ ಕರವಸ್ತ್ರ ಒತ್ತಿಕೊಂಡವರ ಮಾತಿನಂತೆ ಬಂತು. ಟೈಲರು ತಾವಾಗಿಯೇ ಕತ್ತರಿ ತೆಗೆದುಕೊಂಡು, ಸೀಮೆಸುಣ್ಣದಲ್ಲಿ ಗೆರೆ ಎಳೆದು, ಎರಡರ ಎದೆಯನ್ನೂ ಕತ್ತಿನಿಂದ ಕೆಳಗೆ ಕೋಟಿನ ಮುಂಭಾಗದಂತೆ ತೆರೆದು, ಅಂಚುಗಳನ್ನು ಹಿಂದಕ್ಕೆ ಮಡಚಿ ಪಿನ್ನು ಹಾಕಿದರು.

ಕೊಳಲು ಕೋಣೆಯ ತುಂಬ ನಿಂತಿತು. ಎರಡನೇ ಸಾಲು ಮುಗಿದು ಮೂರನೆಯದಕ್ಕೆ ಮುಂಚೆ ಸಣ್ಣಗೆ, ಸ್ಪಷ್ಟವಾಗಿ, ನುಡಿಸುವವರು ಉಸಿರೆಳೆದುಕೊಂಡರು.

ಟೀಚರು ಗಂಡನ ತೋಳು ಹಿಡಿದುಕೊಂಡರು. ತಾವು ನಾಲ್ಕು ತಿಂಗಳು ಹೇಳಿದ ಸುಳ್ಳು ಈಗ ನಿಜವಾಗಿ ಎದುರಿಗೆ ಕೂತಿತ್ತು. ಯಜಮಾನರು ರೆಕಾರ್ಡಿನ ಎರಡೂ ಬದಿ ಮುಗಿಯುವವರೆಗೆ ಏಳಲಿಲ್ಲ. ಹೊರಡುವಾಗ, ತಮ್ಮ ಅಂಗಡಿಯಿಂದ ಆದ ವ್ಯಾಪಾರಗಳಲ್ಲಿ ಯಾರೂ ವಾಪಸು ತಂದು ಜಗಳ ಆಡಲಾರದ್ದು ಇದೊಂದೇ ಎಂದು ಸಂತೋಷಪಟ್ಟರು.

ಭಾನುವಾರ ನಾಲ್ಕಕ್ಕೆ ಸರಿಯಾಗಿ ಹೆಡ್‌ಮಿಸ್ ಮತ್ತು ಇಬ್ಬರು ಟೀಚರುಗಳು ಬಂದರು. ಅಷ್ಟರೊಳಗೆ ಟೈಲರು ಪಿನ್ನು ತೆಗೆದು, ತೆರೆದ ಅಂಚುಗಳಿಗೆಲ್ಲ ಹೊಲಿಗೆ ಹಾಕಿ, ಬೆನ್ನಿನ ಸೀಳನ್ನು ಮುಚ್ಚಿ, ವೈರುಗಳನ್ನು ಕೋಟಿನ ಒಳಗಿಂದಲೇ ಹಾಯಿಸಿದ್ದರು. ಅತಿಥಿಗಳು ರೆಕಾರ್ಡನ್ನು ಕೊನೆಯವರೆಗೆ ಕೇಳಿದರು. ಉಸಿರು ಕೇಳಿಸಿದ ಜಾಗದಲ್ಲಿ ಹೆಡ್‌ಮಿಸ್ ಬೆರಳೆತ್ತಿ ಎಲ್ಲರನ್ನೂ ಎಚ್ಚರಿಸಿದರು. ಮುಗಿದ ಮೇಲೆ, ಬರುವ ವರ್ಷ ನಿವೃತ್ತರಾಗುವ ಡ್ರಿಲ್ ಮೇಷ್ಟರಿಗೂ ಇಂಥದ್ದೇ ಕೊಡಬೇಕೆಂದಿದ್ದೇವೆ, ನೀವು ಯಾವ ಆಂಪ್ಲಿಫೈಯರು ಆರಿಸಿದಿರಿ ಎಂದು ಕೇಳಿದರು.

ಟೀಚರು ರೆಕಾರ್ಡಿನ ಹೊದಿಕೆ ಹಿಡಿದು ಅದರ ಹಿಂಭಾಗವನ್ನು ಬಹಳ ಶ್ರದ್ಧೆಯಿಂದ ಓದತೊಡಗಿದರು. ಟೈಲರು ಮಾತ್ರ ಕುರ್ಚಿ ಮುಂದಕ್ಕೆಳೆದುಕೊಂಡರು. ಓಮ್ ಎಂದರೇನು, ಸ್ಪೀಕರು ಸೂಕ್ಷ್ಮದ್ದೋ ಮಂದವೋ ಎಂದು ಮೊದಲು ತಿಳಿಯಬೇಕಾದದ್ದೇಕೆ, ಅರವತ್ತೈದು ವ್ಯಾಟೇ ಏಕೆ ಎಲ್ಲ ರೀತಿಯಲ್ಲೂ ಸರಿ ಎಂಬುದನ್ನು ಅರ್ಧ ಗಂಟೆ ವಿವರಿಸಿದರು. ಇಬ್ಬರು ಟೀಚರುಗಳು ಚೀಟಿಯಲ್ಲಿ ಬರೆದುಕೊಂಡರು. ಹೆಡ್‌ಮಿಸ್ ಮಾತ್ರ ಮೇಜಿನ ಕೆಳಗೆ, ಪ್ಲೇಯರಿನ ಪಕ್ಕ, ಕಿಟಕಿಯ ಪರದೆಯ ಹಿಂದೆ ಎಲ್ಲ ಕಣ್ಣಾಡಿಸಿದರು.

— ಅದೆಲ್ಲ ಸರಿ, ಆ ಆಂಪ್ಲಿಫೈಯರ್ ಎಲ್ಲಿ? ಎಲ್ಲೂ ಕಾಣ್ತಾನೇ ಇಲ್ವಲ್ಲ.

ಟೈಲರು ಒಂದು ಕ್ಷಣವೂ ತಡಮಾಡಲಿಲ್ಲ.

— ಒಳ್ಳೇ ಕೆಲಸ ಅಂದ್ರೆ ಹಾಗೇ ಮೇಡಂ. ಹೊಲಿಗೆ ಹೊರಗೆ ಕಾಣಬಾರದು.