ನನ್ನ ಮೊಡವೆ, ಮಾವನ ರಕ್ತಶಾಸ್ತ್ರ

ದೇವರಿಗೆ ಮುಖ ತೋರಿಸಲು ಉಪವಾಸವಿದ್ದು ಹೋಗುವವರನ್ನು ನೀವು ಕಂಡಿರಬಹುದು. ನಮ್ಮ ಸೋದರಮಾವನಿಗೆ ಮುಖ ತೋರಿಸಬೇಕಾದರೂ ಉಪವಾಸವಿರಬೇಕು! ಯಾಕೆಂದರೆ ನಿಮ್ಮ ಮುಖದಲ್ಲಿ ಒಂದೇ ಒಂದು ಮೊಡವೆ ಕಂಡರೂ ಸಾಕು, "ನಡಿ, ಖಾಲಿ ಹೊಟ್ಟಿ ಇದ್ರ ರಕ್ತ ತಪಾಸಣಿಗೆ ಕೊಟ್ಟ ಬರೂಣು" ಎಂದು ಅವರು ಚಪ್ಪಲಿ ಮೆಟ್ಟಿ ನಿಂತುಬಿಡುತ್ತಾರೆ.

ಹಾಗಂತ ಅವರು ಡಾಕ್ಟರಲ್ಲ. ಕಾಂಪೌಂಡರೂ ಅಲ್ಲ. ಸಂಡೂರಿನ ಗುಡ್ಡದ ಗಣಿಯೊಂದರ ಲ್ಯಾಬಿನಲ್ಲಿ ಮೂವತ್ತು ವರ್ಷ ಅದಿರನ್ನು ಪುಡಿ ಮಾಡಿ, ಆಸಿಡ್ಡಿನಲ್ಲಿ ಕರಗಿಸಿ, ಇದರಲ್ಲಿ ಕಬ್ಬಿಣ ಎಷ್ಟು, ಮಣ್ಣು ಎಷ್ಟು ಎಂದು ಬರೆದಿಟ್ಟವರು. ನಿವೃತ್ತರಾದ ಮೇಲೆ ಒಮ್ಮೆ ಅವರ ರಕ್ತದಲ್ಲೇ ಸಕ್ಕರೆ ಜಾಸ್ತಿ ಬಂತು. ಬೇರೆಯವರಾಗಿದ್ದರೆ ಮಾತ್ರೆ ನುಂಗಿ ಸುಮ್ಮನಿರುತ್ತಿದ್ದರು. ಇವರು ದಪ್ಪ ದಪ್ಪ ಪುಸ್ತಕ ತರಿಸಿಕೊಂಡು ಇನ್ಸುಲಿನ್ನು, ಹಾರ್ಮೋನು, ಕೊಬ್ಬು ಎಂದು ಓದಿದ್ದೇ ಓದಿದ್ದು. ಅಷ್ಟೆಲ್ಲ ಓದಿ ಕೊನೆಗೆ ಬಂದು ನಿಂತದ್ದು ಎಲ್ಲಿ? ಕಂಡವರ ಮೊಡವೆಯ ಮೇಲೆ!

"ಮ್ಯಾಲಿನ ಮಣ್ಣು ನೋಡಿ ಗುಡ್ಡದ ಒಳಗ ಏನೈತಿ ಅಂತ ಹೇಳಾವ ನಾನು. ಮುಖ ನೋಡಿ ರಕ್ತದಾಗ ಏನೈತಿ ಅಂತ ಹೇಳೂದು ಏನ್ ದೊಡ್ಡದು?" ಎಂಬುದು ಅವರ ವಾದ.

ಒಮ್ಮೆ ಹೊಸಪೇಟೆಯ ಜಿಮ್ಮೊಂದರ ಮುಂದೆ, ಅದರಿಂದ ಹೊರಬಂದ ಅಪರಿಚಿತ ತರುಣನನ್ನು ತಡೆದು ನಿಲ್ಲಿಸಿದರು. 

"ಡಬ್ಬಿ ಪ್ರೋಟೀನ್ ಪುಡಿ ಹಾಲಾಗ ಕಲಿಸಿ ಕುಡಿತೀಯೇನಪಾ?"

"ಹೌದ್ರಿ ಅಂಕಲ್. ಎದಿ ಬರಬೇಕಲ್ರಿ."

"ಎದಿ ಇನ್ನಾ ಬಂದಿಲ್ಲ, ಹಣಿ ತುಂಬ ಗುಳ್ಳಿ ಬಂದಾವ ನೋಡು!"

ಅವನು ತೋಳು ಉಬ್ಬಿಸಿದ. ನಾನು ಇವರು ಯಾರೋ, ನಾನು ಯಾರೋ ಎಂಬಂತೆ ಪಕ್ಕದ ಅಂಗಡಿಯ ಪ್ಲಾಸ್ಟಿಕ್ ಕೊಡಗಳನ್ನು ಭಕ್ತಿಯಿಂದ ನೋಡುತ್ತ ನಿಂತೆ.

ಇಂಥವರ ಕೈಗೆ ನಾನೇ ಸಿಕ್ಕಿಬೀಳಬೇಕೆ? ನನಗಾಗ ಇಪ್ಪತ್ತನಾಲ್ಕು. ಹೊಸಪೇಟೆಯ ಶಾಲೆಯೊಂದರಲ್ಲಿ ಟೀಚರು. ಹೈಸ್ಕೂಲಿನಲ್ಲಿ ಬರದೆ ಉಳಿದಿದ್ದ ಮೊಡವೆಗಳೆಲ್ಲ ಎರಡು ವರ್ಷದ ಹಿಂದೆಯೇ ಒಟ್ಟಿಗೇ ಬಂದು ಕೆನ್ನೆ, ಗದ್ದ, ದವಡೆಯ ಅಂಚಿನಲ್ಲಿ ಠಿಕಾಣಿ ಹೂಡಿದ್ದವು. ಅವ್ವ ಉಷ್ಣವೆಂದು ನೆತ್ತಿಗೆ ಹರಳೆಣ್ಣೆ ಒತ್ತಿದಳು. ಪಕ್ಕದ ಮನೆಯವರು ಟೂತ್‌ಪೇಸ್ಟ್ ಹಚ್ಚೆಂದರು. ಶಾಲೆಯ ಹಿರಿಯ ಟೀಚರೊಬ್ಬರು, "ಮದಿವಿ ಆದ್ರ ತಾವ ಹೋಗ್ತಾವ ಬಿಡವಾ" ಎಂದರು. ಗಂಡ ಅಂದರೆ ಏನು, ಮುಲಾಮೇ?

ಮಾವ ಮಾತ್ರ ಪ್ರತಿ ಭಾನುವಾರ ಬೆಳಗಿನ ಬಸ್ಸಿಗೆ ಸಂಡೂರಿನಿಂದ ಬರತೊಡಗಿದರು, ಭೂತಗನ್ನಡಿ ಸಮೇತ! ನನ್ನನ್ನು ಕಿಟಕಿಯ ಬೆಳಕಿಗೆ ಕೂರಿಸಿ, "ಎಡಗಲ್ಲ ಏಳು, ಬಲಗಲ್ಲ ನಾಕು, ಗದ್ದದಾಗ ಹೊಸಾವು ಎದ್ದಾವ" ಎಂದು ನೋಟ್‌ಬುಕ್ಕಿನಲ್ಲಿ ಬರೆಯುವರು. ಆಮೇಲೆ ತಿಂದದ್ದರ ವಿಚಾರಣೆ. ಮೊದಲ ವಾರವೇ ತೀರ್ಪು ಬಂತು: ಮಂಡಕ್ಕಿ ಬಂದ್!

ಹೊಸಪೇಟೆಯವರಿಗೆ ಒಗ್ಗರಣೆ ಮಂಡಕ್ಕಿ, ಮಿರ್ಚಿ ಬಿಡು ಎನ್ನುವುದೂ ಒಂದೇ, ತುಂಗಭದ್ರೆಗೆ ಹರಿಯಬೇಡ ಎನ್ನುವುದೂ ಒಂದೇ. 

"ಮಂಡಕ್ಕಿ ಹೊಟ್ಟಿಗೆ ಹೋಗೂದ ತಡ, ಜಲ್ದಿ ಸಕ್ಕರಿ ಆಗ್ತೈತಿ. ಸಕ್ಕರಿ ಬೆನ್ನ ಹತ್ತಿ ಇನ್ಸುಲಿನ್ ಓಡಿ ಬರ್ತೈತಿ. ಇನ್ಸುಲಿನ್ ಹೆಚ್ಚಾತಂದ್ರ ಮುಖದಾಗ ಎಣ್ಣಿ ಹೆಚ್ಚಾಗ್ತೈತಿ. ಎಣ್ಣಿ ಹೋಗಿ ರಂಧ್ರ ಮುಚ್ಚಿದ್ರ ಗುಳ್ಳಿ!"

"ಹಂಗಾದ್ರ ಬರೇ ಮಿರ್ಚಿ ತಿನ್ಲೇನ್ರಿ ಮಾವ?"

ಮಾವ ನೋಟ್‌ಬುಕ್ ಮುಚ್ಚಿದರು. "ಆ ಅಧ್ಯಾಯ ಇನ್ನಾ ಓದಿಲ್ಲ."

ಇನ್ನೊಂದು ಭಾನುವಾರ, ಎಣಿಕೆ ಮುಗಿದ ಮೇಲೆ, ಅವರು ಕಿಟಕಿಯಾಚೆ ನೋಡುತ್ತ ಗಂಟಲು ಸರಿಮಾಡಿಕೊಂಡರು. "ಯವ್ವಾ, ತಿಂಗಳ ರಿಪೋರ್ಟ್ ಬರೋಬ್ಬರಿ ಬರ್ತೈತೇನು?"

"ಎಲ್ಲಿ ಬರ್ತೈತ್ರಿ ಮಾವ! ಎರಡು ಮೂರು ತಿಂಗಳಿಗೊಮ್ಮೆ ಎಲ್ಲಾ ಸೇರ್ಸಿ ಕೊಡ್ತೀನಿ. ಹೆಡ್‌ಮಾಸ್ಟ್ರು ಎಲ್ಲಾರ ಮುಂದ ಬೈತಾರ" ಎಂದೆ.

ಮಾವನ ಮುಖ ಬಿಳಿಚಿಕೊಂಡಿತು. ಭೂತಗನ್ನಡಿ ಮಡಿಚಿ ಜೇಬಿಗಿಟ್ಟು, ಅಂದು ಊಟಕ್ಕೂ ನಿಲ್ಲದೆ ಹೋಗಿಬಿಟ್ಟರು. ಶಾಲೆಯ ರಿಪೋರ್ಟಿಗೆ ಇಷ್ಟೊಂದು ಗಾಬರಿಯೇ ಎಂದು ನನಗೆ ಆಶ್ಚರ್ಯ.

ಇಷ್ಟಾದರೂ ಸಹಿಸಿಕೊಂಡಿದ್ದೆ. ಅಷ್ಟರಲ್ಲಿ ಕಂಪ್ಲಿಯಿಂದ ಹುಡುಗನ ಕಡೆಯವರು ನನ್ನನ್ನು ನೋಡಲು ಬಂದರು. ಅಕ್ಕಿ ಗಿರಣಿಯ ಮನೆತನ, ಒಳ್ಳೆಯ ಜನ. ಅವ್ವ ಮೊದಲೇ, "ಅಣ್ಣಾ, ನಿನ್ನ ಕಾಲಿಗೆ ಬೀಳ್ತೀನಿ, ಗುಳ್ಳಿ ಮಾತು ನೀ ತೆಗೀಬ್ಯಾಡ" ಎಂದು ಮಾವನಿಂದ ಮಾತು ತೆಗೆದುಕೊಂಡಿದ್ದಳು. ನನ್ನ ಮುಖಕ್ಕೆ ಕ್ರೀಮು, ಪೌಡರುಗಳ ಗಿಲಾವು ನಡೆದಿತ್ತು.

ಹುಡುಗನ ತಾಯಿ ಚಹಾದ ಲೋಟ ತೆಗೆದುಕೊಳ್ಳುತ್ತ, "ಗಲ್ಲದ ಮ್ಯಾಲ ಏನೋ ಕಂಡಂಗಾತು..." ಎಂದರು.

"ಸೊಳ್ಳಿ ಕಡದಾವ್ರಿ" ಎಂದಳು ಅವ್ವ.

"ಸೊಳ್ಳಿ ಅಲ್ರಿ, ಗುಳ್ಳಿ!" ಮಾವ ಹೆಮ್ಮೆಯಿಂದ ಹೇಳಿದರು. "ಈಗ ಹದಿನಾಕು ಅದಾವು. ಹೋದ ಐತವಾರ ಹತ್ತೊಂಬತ್ತು ಇದ್ವು. ಭಾಳ ಸುಧಾರಿಸ್ಯಾಳ!"

ಅವರು ಮಾತು ತೆಗೆದಿರಲಿಲ್ಲ ನಿಜ. ತೆಗೆದವರು ಹುಡುಗನ ತಾಯಿ! ಅಷ್ಟಕ್ಕೇ ನಿಲ್ಲಿಸಿದ್ದರೂ ಏನಾದರೂ ಉಳಿಯುತ್ತಿತ್ತೇನೋ. ಹುಡುಗ ಲೋಟ ಕೆಳಗಿಡಲು ಬಗ್ಗಿದ. ಮಾವನ ಕಣ್ಣು ಅವನ ಕುತ್ತಿಗೆಯ ಮೇಲೆ ಬಿತ್ತು.

"ತಮ್ಮಾ, ಕುತ್ತಿಗಿ ಹಿಂದ ಕಪ್ಪಾಗೈತಲ್ಲ, ಅದು ಕೊಳಿ ಅಲ್ಲ, ತಿಕ್ಕಿದ್ರ ಹೋಗಂಗಿಲ್ಲ. ಒಮ್ಮೆ ಸಕ್ಕರಿ ನೋಡ್ಸು. ಮೂರೂ ಹೊತ್ತು ಬಿಳಿ ಅನ್ನ ಏನು?"

ಗಿರಣಿಯವರ ಮನೆಯಲ್ಲಿ ಅನ್ನ ಉಣ್ಣದೆ ಇನ್ನೇನು ಉಣ್ಣುತ್ತಾರೆ, ಮೊಳೆಯೇ? ಹುಡುಗನ ತಂದೆ ಕೆಮ್ಮಿದರು. ಮಾವ ಅದನ್ನು ಪ್ರೋತ್ಸಾಹವೆಂದು ತಿಳಿದರು.

"ಒಳ್ಳೆ ತೌಡೆಲ್ಲಾ ದನಕ್ಕ ಹಾಕ್ತೀರಿ, ಬೆಳ್ಳನ ಅಕ್ಕಿ ನೀವು ತಿಂತೀರಿ. ದನದ ಮುಖ ನೋಡ್ರಿ, ಒಂದರ ಗುಳ್ಳಿ ಐತೇನು?"

"ತಿಳಿಸ್ತೀವ್ರಿ" ಎಂದು ಅವರೆಲ್ಲ ಒಮ್ಮೆಗೇ ಎದ್ದರು. ಇವತ್ತಿನವರೆಗೂ ತಿಳಿಸಿಲ್ಲ.

ಅವರ ಕಾರು ತಿರುಗಿದ್ದೇ ತಡ, ನನ್ನ ಸಿಟ್ಟು ಕಟ್ಟೆಯೊಡೆಯಿತು. "ನನ್ನ ಮುಖ ನಿಮ್ಮ ಗಣಿ ಅಲ್ರಿ ಮಾವ! ಅಗದದ್ದು ಸಾಕು. ಇನ್ನ ಮ್ಯಾಲ ಐತವಾರ ಬರಬ್ಯಾಡ್ರಿ!"

ಅವ್ವ ತಡೆಯಲಿಲ್ಲ. ಮಾವ ನೋಟ್‌ಬುಕ್ಕನ್ನು ಕಂಕುಳಲ್ಲಿಟ್ಟುಕೊಂಡು ಬಸ್‌ಸ್ಟ್ಯಾಂಡಿನ ಕಡೆ ನಡೆದರು.

ಮೂರು ಭಾನುವಾರ ಅವರು ಬರಲಿಲ್ಲ. ನಾನು ಹಟಕ್ಕೆ ತಟ್ಟೆ ತುಂಬ ಮಂಡಕ್ಕಿ ತಿಂದೆ. ನಾಲ್ಕನೆಯ ಭಾನುವಾರ ಮಾವನ ಬದಲು ಅತ್ತೆ ಬಂದರು. ನನ್ನನ್ನು ಒಳಕೋಣೆಗೆ ಕರೆದು ಬಾಗಿಲು ಹಾಕಿಕೊಂಡರು.

"ನಿಮ್ಮ ಮಾವ ಅವತ್ತು ಕೇಳಿದ್ದು ಸಾಲಿ ರಿಪೋರ್ಟ್ ಅಲ್ಲವಾ. ಹೆಣ್ಮಕ್ಕಳ ತಿಂಗಳ ವಿಷಯ. ಅವ್ರ ಬಾಯಿಗೆ ಆ ಮಾತು ಬರ್ಲಿಲ್ಲ. ನಿನ್ನ ಉತ್ತರ ಕೇಳಿ ಬಂದಾಗಿಂದ ಮನುಷ್ಯಾಗ ನಿದ್ದಿಲ್ಲ. ನೀ ಹೋಗಿ ಕೇಳು, ನೀ ಹೋಗಿ ಕೇಳು ಅಂತ ನನ್ನ ಜೀವ ತಿಂದಾರ."

ನಾನು ಬಿದ್ದು ಬಿದ್ದು ನಕ್ಕೆ. ನಗುತ್ತಲೇ ನಿಲ್ಲಿಸಿದೆ. ಶಾಲೆಯ ರಿಪೋರ್ಟಿನ ಬಗ್ಗೆ ನಾನು ಹೇಳಿದ್ದು ಆ ವಿಷಯಕ್ಕೂ ನಿಜವಾಗಿತ್ತು. ನಾಲ್ಕು ತಿಂಗಳಿಂದ ಮುಟ್ಟಾಗಿರಲಿಲ್ಲ. ಹೆದರಿ, ಅವ್ವನಿಗೂ ಹೇಳಿರಲಿಲ್ಲ.

ಮರುದಿನ ಅತ್ತೆಯೇ ಲೇಡಿ ಡಾಕ್ಟರ ಹತ್ತಿರ ಕರೆದೊಯ್ದರು. ರಕ್ತ ಕೊಟ್ಟೆ, ಸ್ಕ್ಯಾನ್ ಆಯಿತು. ಇನ್ಸುಲಿನ್ ಜಾಸ್ತಿ, ಹಾರ್ಮೋನು ಏರುಪೇರು, ಅಂಡಾಶಯಕ್ಕೂ ಅದರ ತೊಂದರೆ, ಮೊಡವೆಯೂ ಅದರದೇ ಕೊಡುಗೆ ಎಂದರು ಡಾಕ್ಟರು. ಗಾಬರಿ ಬೇಡ, ಮಾತ್ರೆ, ದಿನವೂ ನಡಿಗೆ, ಊಟದಲ್ಲಿ ಹಿಡಿತ ಇದ್ದರೆ ಹತೋಟಿಗೆ ಬರುತ್ತದೆ ಎಂದರು. ಮಾವನ ಪುರಾಣ ಕೇಳಿ ನಕ್ಕು, "ಅವ್ರು ಹೇಳೂದು ಅರ್ಧ ಖರೆ. ಎಲ್ಲಾರ ಗುಳ್ಳಿಗೂ ರಕ್ತ ಕಾರಣ ಅಲ್ಲ. ಉಳಿದರ್ಧ ನಮಗ ಬಿಡ್ರಿ ಅಂತ ಹೇಳಮ್ಮ" ಎಂದರು.

ಮಾವನಿಗೆ ಕೇಳಿಸಿದ್ದು ಮೊದಲರ್ಧ ಮಾತ್ರ! ಆಮೇಲಿನ ಮೂರು ತಿಂಗಳು ಅವರ ಗತ್ತು ಹೇಳತೀರದು. ಬಸ್ ಕಂಡಕ್ಟರಿಗೂ ನನ್ನ ಇನ್ಸುಲಿನ್ ಗೊತ್ತಾಯಿತು. ಮತ್ತೆ ರಕ್ತ ಕೊಡುವ ದಿನ ಬೇಡವೆಂದರೂ ಜೊತೆಗೆ ಬಂದರು. ಕಂಡವರನ್ನೆಲ್ಲ ರಕ್ತಪರೀಕ್ಷೆಗೆ ಎಳೆಯುವ ಮನುಷ್ಯ, ನನ್ನ ತೋಳಿಗೆ ಸೂಜಿ ಚುಚ್ಚುವಾಗ ಗೋಡೆಯ ಕಡೆ ತಿರುಗಿ ನಿಂತಿದ್ದರು.

ಹೊರಗೆ ಬೇವಿನ ಮರದ ಕೆಳಗೆ ಕೂತಾಗ ಕೇಳಿಯೇ ಬಿಟ್ಟೆ. "ಮಾವ, ಊರಾಗ ಇಷ್ಟು ಮಂದಿಗೆ ಗುಳ್ಳಿ ಅದಾವು. ನನ್ನ ಬೆನ್ನ ಯಾಕ ಹಿಂಗ ಹತ್ತಿದ್ರಿ?"

ಇನ್ನೊಂದು ಭಾಷಣಕ್ಕೆ ಸಿದ್ಧಳಾಗಿಯೇ ಕೇಳಿದ್ದೆ.

"ಹಂಪಿಗೆ ಎಲ್ಲಾರೂ ಹೋಗಿದ್ವಲ್ಲ, ಅವತ್ತು ಫೋಟೊ ಎಲ್ಲಾ ನೀನ ತೆಗೆದಿ. ನಿಮ್ಮಣ್ಣನ ಕೂಸಿನ ಹೆಸರಿಡೋ ದಿನ ಕಂಬದ ಹಿಂದ ನಿಂತಿ. ನಾ ಮನ್ಯಾಗ ಕುಂತು ಎಲ್ಲಾ ಫೋಟೊ ತಿರಿಗಿ ತಿರಿಗಿ ನೋಡ್ದೆ. ಎರಡು ವರ್ಷದಾಗ ಒಂದ್ರಾಗೂ ನೀ ಇಲ್ಲ." ಕನ್ನಡಕ ತೆಗೆದು ಪಂಚೆಯ ಅಂಚಿಗೆ ಒರೆಸಿಕೊಂಡರು. "ನಮ್ಮ ಹುಡುಗಿ ಎಲ್ಲಿ ಹೋದ್ಲು ಅಂತ ಹುಡುಕಾಕ ಹತ್ತಿದ್ದೆ, ಅಷ್ಟ."

ಮುಖದಲ್ಲಿ ಆಗಲೂ ಮೊಡವೆಗಳಿದ್ದವು, ಮಾಸದ ಕಲೆಗಳಿದ್ದವು. ಕೆನ್ನೆ ಮುಚ್ಚಿದ್ದ ದುಪಟ್ಟಾ ಸರಿಸಿ, ಲ್ಯಾಬಿನ ಅಕ್ಕನನ್ನು ಕರೆದು ನನ್ನ ಫೋನು ಕೊಟ್ಟೆ. ಮಾವನ ಪಕ್ಕ ಹೋಗಿ ನಿಂತೆ.

ಆ ಫೋಟೊ ಈಗಲೂ ಇದೆ. ನಾನು ನೇರ ಕ್ಯಾಮೆರಾ ನೋಡುತ್ತಿದ್ದೇನೆ. "ಇಲ್ಲಿ ನೋಡ್ರಿ ಅಜ್ಜಾರ, ಇಲ್ಲಿ" ಎಂದು ಆ ಅಕ್ಕ ಎಷ್ಟು ಸಲ ಕೂಗಿದರೂ ಮಾವ ಮಾತ್ರ ನನ್ನನ್ನೇ ನೋಡುತ್ತ ನಿಂತಿದ್ದಾರೆ.